ಸಮಾಧಾನ ಮಾಡ್ಕೊಳ್ಳಿ ಯಜಮಾನ್ರೇ

ಏಳು ವರ್ಷ ಏನು ಕೆಲಸ ಮಾಡಿದೆ ಎಂದು ಯಾರಾದರೂ ಕೇಳಿದರೆ "ಅಕೌಂಟ್ಸ್" ಅನ್ನುತ್ತೇನೆ. ಸುಳ್ಳೇನಲ್ಲ. ಬಿಡಿಸಿ ಹೇಳಬೇಕೆಂದರೆ ಮಾತ್ರ ಸ್ವಲ್ಪ ಮುಜುಗರವಾಗುತ್ತದೆ: ಬೇರೆಯವರಿಗೆ ಕೊಡಬೇಕಾದ ದುಡ್ಡನ್ನು ಆದಷ್ಟು ತಡವಾಗಿ ಕೊಡುವುದಕ್ಕೆ ಕಂಪನಿ ನನಗೆ ಒಂದನೇ ತಾರೀಖು ತಪ್ಪದೆ ಸಂಬಳ ಹಾಕುತ್ತಿತ್ತು.

ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ತುಮಕೂರು ರಸ್ತೆ ಕಡೆಯ ಒಂದು ದೊಡ್ಡ ಕಾರ್ಖಾನೆ ಅಂದುಕೊಳ್ಳಿ. ಪೀಣ್ಯದ ಸಣ್ಣ ಶೆಡ್ಡುಗಳಿಂದ ನಮಗೆ ಬುಶ್, ಪಿನ್ನು, ಬ್ರಾಕೆಟ್ಟು, ಶಾಫ್ಟು ಬರುತ್ತಿದ್ದವು. ಒಂದೋ ಎರಡೋ ಸಿಎನ್‌ಸಿ ಮಷೀನು, ಮೂಲೆಯಲ್ಲಿ ಹಳೇ ಲೇತು, ಗೋಡೆಗೆ ಆಯುಧಪೂಜೆಯ ಕುಂಕುಮ, ಐದಾರು ಹುಡುಗರು. ಅಂಥ ನೂರಾರು ಶೆಡ್ಡುಗಳ ಲೆಕ್ಕ ನಮ್ಮ ನಾಲ್ಕು ಜನರ ಮೇಜಿನ ಮೇಲೆ ಇರುತ್ತಿತ್ತು. ಫೋನ್ ಎತ್ತುವ ಕೆಲಸ ನನಗೇ ಬಿತ್ತು. ನನ್ನ ದನಿ ಮೆತ್ತಗಿದೆ, ಬೈಯಲು ಬಂದವರೂ ಬೈಯದೆ ಇಟ್ಟುಬಿಡುತ್ತಾರೆ ಎಂದು ನಮ್ಮ ಮ್ಯಾನೇಜರ್ ಕಂಡುಕೊಂಡಿದ್ದರು.

"ಮೇಡಂ ನಮಸ್ಕಾರ. ನಮ್ದು ಈ ವಾರ ಆಗತ್ತಾ?"

"ಸಿಸ್ಟಮ್ಮಲ್ಲಿ ಹಾಕಿದೀನಿ ಯಜಮಾನ್ರೇ. ಅಪ್ರೂವಲ್‌ಗೆ ಹೋಗಿದೆ. ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ."

ಈ ಎರಡು ಸಾಲನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ. ಅದರಲ್ಲೂ ಒಬ್ಬರಿಗೆ. ಅವರ ಹೆಸರು ಬರೆಯುವುದಿಲ್ಲ, ಯಜಮಾನ್ರು ಅಂತಲೇ ಕರೆಯುತ್ತೇನೆ. ಎನ್‌ಟಿಟಿಎಫ್ ಸರ್ಕಲ್ ಹತ್ತಿರ ಶೆಡ್ಡು. ನಮಗೆ ಪಿನ್ನು ಮಾಡಿಕೊಡುತ್ತಿದ್ದರು. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅವರ ಫೋನ್ ಬರುತ್ತದೆ ಎಂದರೆ ಬರುತ್ತದೆ. ಒಂದು ದಿನವೂ ದನಿ ಏರಿಸಿದವರಲ್ಲ. ಏರಿಸಿದ್ದರೆ ನನಗೆ ಕೆಲಸ ಹಗುರವಾಗುತ್ತಿತ್ತು.

ತಡ ಮಾಡುವುದೂ ಒಂದು ಕಸುಬೇ, ಅದರಲ್ಲಿ ಪಳಗಬೇಕು. "ಕೊಡಲ್ಲ" ಎಂದು ಯಾರೂ ಹೇಳುವುದಿಲ್ಲ. ಮಾಲು ಗೇಟಿನೊಳಗೆ ಬಂದ ದಿನ ಡಿಸಿಗೆ (ಮಾಲಿನ ಜೊತೆ ಬರುವ ಡೆಲಿವರಿ ಚಲನ್‌ಗೆ) ಮೊಹರು ಬೀಳುತ್ತದೆ. ಆದರೆ ನಮ್ಮ ಲೆಕ್ಕ ಶುರುವಾಗುವುದು ಜಿಆರ್‌ಎನ್ (ಮಾಲು ಸ್ವೀಕರಿಸಿದ್ದಕ್ಕೆ ಬರೆಯುವ ಚೀಟಿ) ಆದ ದಿನದಿಂದ. ಕ್ವಾಲಿಟಿಯವರು ನೋಡುವವರೆಗೆ ಜಿಆರ್‌ಎನ್ ಇಲ್ಲ. ಕ್ವಾಲಿಟಿಯವರು ನೋಡುವುದು ಲೈನಿಗೆ ಆ ಮಾಲು ಬೇಕಾದಾಗ. ಹೀಗೆ ಹತ್ತು ಹನ್ನೆರಡು ದಿನ ಮಾಲು ನಮ್ಮ ಕಾಂಪೌಂಡಿನೊಳಗಿದ್ದೂ ನಮಗೆ ಬಂದಿರುತ್ತಿರಲಿಲ್ಲ. ಆಮೇಲೆ ಬಿಲ್ಲಿನಲ್ಲಿ ಪಿಓ (ಖರೀದಿ ಆದೇಶದ) ನಂಬರಿನ ಒಂದು ಅಂಕಿ ತಪ್ಪಿದ್ದರೆ ವಾಪಸ್. ಹೊಸ ಬಿಲ್ಲು ಬಂದರೆ ಹೊಸ ತಾರೀಖು, ಹೊಸ ಎಣಿಕೆ. ಇನ್ನೂ ದುಡ್ಡು ಹಿಡಿಯಬೇಕಾದರೆ ಡೆಬಿಟ್ ನೋಟ್: ಐನೂರು ಪಿನ್ನಿನಲ್ಲಿ ಎಂಟು ರಿಜೆಕ್ಷನ್ ಅಂತ ಬರೆದರೆ ಸಾಕು, ಅದು ಇತ್ಯರ್ಥವಾಗುವವರೆಗೆ ಪೂರ್ತಿ ಬಿಲ್ಲು ಹೋಲ್ಡ್. ಪೇಮೆಂಟ್ ರನ್ ತಿಂಗಳಿಗೆ ಎರಡೇ ಸಲ, ಹತ್ತಕ್ಕೆ ಮತ್ತು ಇಪ್ಪತ್ತೈದಕ್ಕೆ. ಇಪ್ಪತ್ತಾರಕ್ಕೆ ಬಾಕಿಯಾದವನು ಹತ್ತರವರೆಗೆ ಕಾಯಬೇಕು. ಇದ್ಯಾವುದೂ ಕಳ್ಳತನದ ಹಾಗೆ ಕಾಣುವುದಿಲ್ಲ. ಎಲ್ಲಕ್ಕೂ ಫಾರ್ಮ್ಯಾಟ್ ಇದೆ, ಸಹಿ ಇದೆ.

ಒಂದು ವರ್ಷ ನಮ್ಮ ವಿಭಾಗಕ್ಕೆ ಬಹುಮಾನವೂ ಬಂತು. ಸರಬರಾಜುದಾರರಿಗೆ ಸರಾಸರಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತೇವೆ ಎಂಬುದಕ್ಕೆ ಡಿಪಿಓ ಅನ್ನುತ್ತಾರೆ. ಅದು ಹೆಚ್ಚಿದಷ್ಟೂ ಕಂಪನಿಯ ಕೈಯಲ್ಲಿ ನಗದು ಹೆಚ್ಚು ದಿನ ನಿಲ್ಲುತ್ತದೆ, ಬ್ಯಾಂಕಿನ ಸಾಲ ಇಳಿಯುತ್ತದೆ. ನಾವು ಅದನ್ನು ತಿಂಗಳಿಗೂ ಮಿಕ್ಕಿ ಏರಿಸಿದ್ದೆವು. ಹೋಟೆಲಿನಲ್ಲಿ ಊಟ, ಒಂದು ಗಾಜಿನ ಫಲಕ. ಫೋಟೋದಲ್ಲಿ ನಾನು ಎಡಗಡೆ ಎರಡನೆಯವಳು, ಚೆನ್ನಾಗಿ ನಗುತ್ತಿದ್ದೇನೆ.

ಆ ನಗದು ಎಲ್ಲಿಂದ ಬಂತು? ಒಂದು ಲೆಕ್ಕ ಹಾಕಿ. ಒಬ್ಬ ಶೆಡ್ಡಿನವರು ತಿಂಗಳಿಗೆ 4 ಲಕ್ಷದ ಮಾಲು ಕಳಿಸುತ್ತಾರೆ ಅಂದುಕೊಳ್ಳಿ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು ಬಿಲ್ಲು 4.72 ಲಕ್ಷ. ನಾಲ್ಕು ತಿಂಗಳು ತಡವಾದರೆ ಯಾವ ಹೊತ್ತಿಗೆ ನೋಡಿದರೂ ಅವರ 18.88 ಲಕ್ಷ ರೂಪಾಯಿ ನಮ್ಮ ಹತ್ತಿರ ಇರುತ್ತದೆ. ಆ ದುಡ್ಡಿಲ್ಲದೆ ಅಂಗಡಿ ನಡೆಸಲು ಅವರು ಬ್ಯಾಂಕಿನಲ್ಲಿ ಓಡಿ (ಓವರ್‌ಡ್ರಾಫ್ಟ್ ಸಾಲ) ತೆಗೆಯುತ್ತಾರೆ. 12 ಪರ್ಸೆಂಟ್ ಅಂತ ಹಿಡಿದರೂ ವರ್ಷಕ್ಕೆ ಎರಡೂಕಾಲು ಲಕ್ಷ ಬಡ್ಡಿ. ಬ್ಯಾಂಕು ಕೊಡದಿದ್ದರೆ ಚೀಟಿ, ಅದೂ ಇಲ್ಲದಿದ್ದರೆ ಕೈಸಾಲ. ಆ ಬಡ್ಡಿಯ ಲೆಕ್ಕ ಬೇಡ. ಇದರ ಮೇಲೆ ಜಿಎಸ್‌ಟಿಯ ಸಂಕಟ ಬೇರೆ. ಬಿಲ್ಲು ಹಾಕಿದ ಮುಂದಿನ ತಿಂಗಳ 20ರೊಳಗೆ ಅವರು ತೆರಿಗೆ ಕಟ್ಟಲೇಬೇಕಿತ್ತು, ನಾವು ದುಡ್ಡು ಕೊಟ್ಟಿರಲಿ ಬಿಡಲಿ. ನಾವೋ ಅವರು ಕಟ್ಟಿದ ತೆರಿಗೆಯ ಕ್ರೆಡಿಟ್ಟನ್ನು, ಅಂದರೆ ನಮ್ಮ ತೆರಿಗೆಯಲ್ಲಿ ಅಷ್ಟು ಕಡಿತವನ್ನು, ಆಗಲೇ ತೆಗೆದುಕೊಂಡಿರುತ್ತಿದ್ದೆವು. 180 ದಿನ ದಾಟಿದರೆ ಆ ಕ್ರೆಡಿಟ್ಟನ್ನು ಬಡ್ಡಿಸಮೇತ ಹಿಂದಿರುಗಿಸಬೇಕು ಎಂಬ ನಿಯಮವಿದೆ. ಹಾಗಾಗಿ ನಮ್ಮಲ್ಲಿ 170 ದಿನ ದಾಟಿದ ಬಿಲ್ಲಿಗೆ ಎಕ್ಸೆಲ್ಲಿನಲ್ಲಿ ಕೆಂಪು ಬಣ್ಣ ಬರುತ್ತಿತ್ತು. ಅದಕ್ಕೂ ಮುಂಚೆ ಯಾವ ಬಣ್ಣವೂ ಇರಲಿಲ್ಲ.

ಅಂದರೆ ಐದು ಹುಡುಗರ ಶೆಡ್ಡು ಸಾವಿರ ಜನರ ಕಾರ್ಖಾನೆಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಿತ್ತು, ತಾನು ಬಡ್ಡಿಗೆ ತಂದು.

ನಮ್ಮ ರಾಜ್ಯದಲ್ಲೇ ಇದಕ್ಕೆ ತದ್ವಿರುದ್ಧವಾದ ಕಥೆಯೊಂದಿದೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರುಮಾಡಿದರು. ಸೋತುಹೋಗಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. 1928ರಲ್ಲಿ ಅವರು ತಂದ ಪಿಗ್ಮಿಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಸಣ್ಣವನ ದುಡ್ಡನ್ನು ಕೂಡಿಹಾಕಿ, ಅದಕ್ಕೆ ಬಡ್ಡಿ ಕೊಟ್ಟು, ಸಣ್ಣವನಿಗೇ ಸಾಲ ಸಿಗುವ ಹಾಗೆ ಮಾಡಿದ ಏರ್ಪಾಡು ಅದು. ನಾವೂ ಒಂದು ಥರ ಪಿಗ್ಮಿ ನಡೆಸುತ್ತಿದ್ದೆವು. ಬಡ್ಡಿ ಮಾತ್ರ ಕೊಡುತ್ತಿರಲಿಲ್ಲ, ಪಾಸ್‌ಬುಕ್ಕೂ ಕೊಡುತ್ತಿರಲಿಲ್ಲ.

ಈಗ ನಮ್ಮ ಕಂಪನಿ ಕೊಠಡಿ ಕಟ್ಟಿಸಿಕೊಟ್ಟ ಶಾಲೆಯ ವಿಷಯಕ್ಕೆ ಬರುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಬಗ್ಗೆ ಕೇಳಿರುತ್ತೀರಿ. 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಎಂಬ ಮೂರಕ್ಷರ ಹಳ್ಳಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರ ಬಾಯಿಗೂ ಬಂದದ್ದು ಆಮೇಲೆಯೇ. ನಾನು ಇದನ್ನು ಹಗುರವಾಗಿ ಆಡುತ್ತಿಲ್ಲ. ಆ ದುಡ್ಡಿನಿಂದ ಆದ ಶೌಚಾಲಯಗಳು, ಆಂಬುಲೆನ್ಸುಗಳು, ಹೂಳೆತ್ತಿದ ಕೆರೆಗಳು ನಿಜ. ಹುಡುಗಿಯರು ಮಧ್ಯಾಹ್ನವೇ ಮನೆಗೆ ಹೋಗಬೇಕಾಗಿದ್ದ ಶಾಲೆಯಲ್ಲಿ ಈಗ ಸಂಜೆವರೆಗೂ ಕೂರುತ್ತಾರೆ ಅಂದರೆ ಅದಕ್ಕೆ ಯಾರ ಹೆಸರಿನ ಫಲಕವಿದ್ದರೂ ನನ್ನ ತಕರಾರಿಲ್ಲ.

2018ರ ಮಾರ್ಚ್. ನೆಲಮಂಗಲದಾಚೆ ಒಂದು ಸರ್ಕಾರಿ ಶಾಲೆಗೆ ನಮ್ಮ ಕಂಪನಿ ಎರಡು ಕೊಠಡಿ, ಒಂದು ಶೌಚಾಲಯ ಕಟ್ಟಿಸಿತ್ತು. ಉದ್ಘಾಟನೆ ಜೋರಾಗಿ ಆಯಿತು. ಮೈಸೂರು ಪೇಟ, ಏಲಕ್ಕಿ ಹಾರ, ಮಕ್ಕಳ ಕೋಲಾಟ. ಭಾಷಣದಲ್ಲಿ ಬಸವಣ್ಣನವರು ಬಂದೇ ಬಂದರು. ಕರ್ನಾಟಕದಲ್ಲಿ ಕಂಪನಿಯವರು ಮೈಕ್ ಹಿಡಿದರೆ ಐದನೇ ನಿಮಿಷಕ್ಕೆ ಕಾಯಕ, ಏಳನೇ ನಿಮಿಷಕ್ಕೆ ದಾಸೋಹ ಬರದೆ ಹೋಗುವುದಿಲ್ಲ. ಅದೇ ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆ ಮಾತ್ರ ಯಾರೂ ಎತ್ತುವುದಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವನು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಬಾಗಿಲಲ್ಲೇ ತಡೆದು, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಹಾಕಿ ಬಾ ಅಂದಳು. ದಾನಕ್ಕೆ ತಂದ ಅಕ್ಕಿಯೇ ಆದರೂ ಎಷ್ಟು ತಂದೆ, ಎಲ್ಲಿಂದ ತಂದೆ ಎಂದು ಕೇಳಿದವಳು ಅವಳು. ಅವಳನ್ನು ನಮ್ಮ ಡಿಪಿಓ ಮೀಟಿಂಗಿಗೆ ಕರೆದಿದ್ದರೆ ಏನಾಗುತ್ತಿತ್ತೋ.

ಕಾರ್ಯಕ್ರಮ ಮುಗಿದ ಮಾರನೇ ದಿನ ಕಟ್ಟಡದ ಗುತ್ತಿಗೆದಾರರ ಕೊನೆಯ ಬಿಲ್ಲು, ಶಾಮಿಯಾನದ ಬಿಲ್ಲು, ಫ್ಲೆಕ್ಸಿನ ಬಿಲ್ಲು ನನ್ನ ಮೇಜಿಗೆ ಬಂದವು. ಮೇಲೆ ಹಳದಿ ಚೀಟಿ: ಮಾರ್ಚ್ 31ರೊಳಗೆ ಪೇಮೆಂಟ್ ಆಗಲೇಬೇಕು, ಇಲ್ಲದಿದ್ದರೆ ಈ ವರ್ಷದ ಸಿಎಸ್‌ಆರ್ ಖರ್ಚಿಗೆ ಸೇರುವುದಿಲ್ಲ. ಬಿಲ್ಲಿನಲ್ಲಿ ಪಿಓ ನಂಬರೇ ಇರಲಿಲ್ಲ. ಜಿಆರ್‌ಎನ್ ಅಂತೂ ಇಲ್ಲವೇ ಇಲ್ಲ. ಪೇಮೆಂಟ್ ರನ್ ಇಪ್ಪತ್ತೈದಕ್ಕೇ ಮುಗಿದಿತ್ತು. ಆದರೂ ಎರಡೇ ದಿನದಲ್ಲಿ ಎಲ್ಲರ ಖಾತೆಗೂ ದುಡ್ಡು ಹೋಯಿತು. ಅಪ್ರೂವಲ್ ಕೊಡಬೇಕಾದ ಮೂವರೂ ನನ್ನ ಮೇಜಿನ ಹತ್ತಿರ ತಾವೇ ನಡೆದು ಬಂದರು. ಆರು ವರ್ಷದಿಂದ ನಾನು ಫೋನಿನಲ್ಲಿ "ಸಿಸ್ಟಮ್ ಒಪ್ಪಲ್ಲ" ಎನ್ನುತ್ತಿದ್ದ ಆ ಸಿಸ್ಟಮ್ಮು ಇಷ್ಟು ಒಳ್ಳೆಯದು ಎಂದು ನನಗೇ ಗೊತ್ತಿರಲಿಲ್ಲ.

ಆ ಸೋಮವಾರ ಯಜಮಾನ್ರು ಫೋನ್ ಮಾಡಲಿಲ್ಲ, ಖುದ್ದಾಗಿ ಬಂದರು. ರಿಸೆಪ್ಷನ್ನಿನ ಟಿವಿಯಲ್ಲಿ ಶಾಲೆಯ ವಿಡಿಯೋ ಓಡುತ್ತಿತ್ತು. ಕೂತು ಪೂರ್ತಿ ನೋಡಿದ್ದಾರೆ. ನಾನು ಕೆಳಗೆ ಹೋದಾಗ ಎದ್ದು ನಿಂತು, "ಒಳ್ಳೇ ಕೆಲಸ ಮೇಡಂ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಬಿಲ್ನೂ ಆ ಸ್ಕೂಲ್ ಲೆಕ್ಕಕ್ಕೇ ಸೇರಿಸ್ಬಿಡಿ. ಬೇಗ ಪಾಸಾಗತ್ತೆ" ಅಂದರು.

ತಮಾಷೆಗೆ ಹೇಳಿದ್ದು. ಇಬ್ಬರೂ ನಕ್ಕೆವು. ಅವರ ನವೆಂಬರ್ ಬಿಲ್ಲು ಆಗ 130 ದಿನ ದಾಟಿತ್ತು.

ಹಾಗೆ ಸೇರಿಸಲು ಬರುವುದಿಲ್ಲ, ಕಾನೂನೇ ಬಿಡುವುದಿಲ್ಲ. ಕಂಪನಿಯ ಮಾಮೂಲಿ ವ್ಯವಹಾರದ ಖರ್ಚು ಸಿಎಸ್‌ಆರ್ ಆಗದು ಎಂದು ನಿಯಮದಲ್ಲೇ ಇದೆ. ಅದು ಸರಿಯೂ ಹೌದು. ಆದರೆ ನಮ್ಮ ತಲೆಯಲ್ಲಿ ಈ ನಿಯಮ ಬೇರೆಯೇ ರೂಪ ತಾಳಿಬಿಟ್ಟಿದೆ. ಆ 2 ಪರ್ಸೆಂಟಿನಲ್ಲಿ ಜವಾಬ್ದಾರಿ ಮುಗಿಯಿತು, ಉಳಿದ 98ರ ತಂಟೆಗೆ ಯಾರೂ ಬರಬೇಕಾಗಿಲ್ಲ ಎಂಬಂತೆ. ಗೋವು ಕೊಂದು ಚಪ್ಪಲಿ ದಾನ ಮಾಡಿದ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಇಲ್ಲಿ ಗೋವನ್ನು ಕೊಂದವರು ಯಾರೂ ಇಲ್ಲ. ಮೇವು ಹಾಕುವುದನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದ್ದಾರೆ, ಅಷ್ಟೆ.

ಸಣ್ಣ ಉದ್ಯಮಕ್ಕೆ ಹೊತ್ತಿಗೆ ಸರಿಯಾಗಿ ಕೊಡಿ ಎಂದು ಹೇಳುವ ಕಾನೂನು ಇಲ್ಲದಿಲ್ಲ. ಸಿಎಸ್‌ಆರ್‌ಗಿಂತ ಹಳೆಯದು ಅದು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. 2023ರಲ್ಲಿ ಬ್ಯಾಂಕ್ ದರ 6.75 ಇತ್ತು, ಮೂರುಪಟ್ಟೆಂದರೆ 20.25 ಪರ್ಸೆಂಟ್. ಆ ಬಡ್ಡಿಯನ್ನು ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಲೂ ಬಿಡುವುದಿಲ್ಲ. ಮಾಲು ಬಂದು 15 ದಿನದೊಳಗೆ ಲಿಖಿತವಾಗಿ ಆಕ್ಷೇಪಣೆ ಎತ್ತದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ, ಅಂದರೆ ನಮ್ಮ ಜಿಆರ್‌ಎನ್ ಆಟಕ್ಕೂ ಮದ್ದಿದೆ. ಓದಿದರೆ ಮೈ ಜುಮ್ಮೆನ್ನುವಷ್ಟು ಗಟ್ಟಿ ಕಾನೂನು. ಏಳು ವರ್ಷದಲ್ಲಿ ಈ ಬಡ್ಡಿಯನ್ನು ಒಬ್ಬರಿಗೂ ಕೊಟ್ಟದ್ದು ನನಗೆ ನೆನಪಿಲ್ಲ. ಯಾರೂ ಕೇಳಿದ್ದೂ ಇಲ್ಲ.

ಯಾಕೆ ಕೇಳಲಿಲ್ಲ ಎಂಬುದು ನನಗೆ ಅರ್ಥವಾದದ್ದು ಊರಿನ ಒಂದು ನೆನಪಿನಿಂದ.

ತಿಪಟೂರಿನಲ್ಲಿ ಅಪ್ಪನದು ದಿನಸಿ ಅಂಗಡಿ. ಒಳ್ಳೆ ಹೆಸರು. ಸಗಟು ಅಂಗಡಿಯವರಿಗೆ ಶನಿವಾರ ಅಂದರೆ ಶನಿವಾರ ದುಡ್ಡು ಮುಟ್ಟಬೇಕು. ಮನೆಯಲ್ಲಿ ಏನೇ ಇದ್ದರೂ ಆ ಲಕೋಟೆಗೆ ಕೈ ಹಾಕುವ ಹಾಗಿಲ್ಲ. "ಮಾತು ಅಂದ್ರೆ ಮಾತು" ಅನ್ನುತ್ತಿದ್ದರು. ನಾನೂ ಹಾಗೇ ನಂಬಿ ಬೆಳೆದೆ, ನಮ್ಮಪ್ಪ ಮಾತಿಗೆ ತಪ್ಪದವರು ಎಂದು. ಆದರೆ ಅದೇ ಅಂಗಡಿಯ ಮುಂದೆ ಮೂಟೆ ಇಳಿಸಿದ ಹಮಾಲರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಬೆಳಿಗ್ಗೆ ಇಳಿಸಿದ ಮೂಟೆಗೆ ಸಂಜೆ ಕೂಲಿ. "ಗಲ್ಲಾಪೆಟ್ಟಿಗೆ ತುಂಬ್ಲಿ ಇರಪ್ಪ." ಒಮ್ಮೊಮ್ಮೆ "ನಾಳೆ ಒಟ್ಟಿಗೇ ಕೊಡ್ತೀನಿ." ಅವರು ಬೀಡಿ ಹಚ್ಚಿ ಕಾಯುತ್ತಿದ್ದರು. ಅಪ್ಪ ಕೆಟ್ಟವರಲ್ಲ. ಆ ಹಮಾಲರಲ್ಲಿ ಒಬ್ಬನ ಮಗಳ ಮದುವೆಗೆ ಅಕ್ಕಿ ಬೇಳೆ ಎಲ್ಲ ಅಂಗಡಿಯಿಂದಲೇ ಹೋಗಿತ್ತು, ಒಂದು ಪೈಸೆ ತೆಗೆದುಕೊಂಡಿರಲಿಲ್ಲ. ಊರೆಲ್ಲ ಕೊಂಡಾಡಿತು. ದಾನವನ್ನು ಕೈಬಿಚ್ಚಿ ಮಾಡುತ್ತಿದ್ದ ಅದೇ ಕೈ ಕೂಲಿಯನ್ನು ಮಾತ್ರ ಸಂಜೆವರೆಗೆ ಹಿಡಿದಿಟ್ಟುಕೊಳ್ಳುತ್ತಿತ್ತು.

ಸಗಟಿನವರಿಗೆ ಯಾಕೆ ತಪ್ಪುತ್ತಿರಲಿಲ್ಲ ಅಂದರೆ, ತಪ್ಪಿದರೆ ಮುಂದಿನ ವಾರ ಮಾಲು ಬರುತ್ತಿರಲಿಲ್ಲ. ಹಮಾಲನಿಗೆ ತಪ್ಪಿದರೆ ಅವನು ನಾಳೆಯೂ ಬರುತ್ತಾನೆ. ಬರದೆ ಎಲ್ಲಿ ಹೋಗುತ್ತಾನೆ?

ನಮ್ಮ ಕಾರ್ಖಾನೆಯ ಪಟ್ಟಿಯನ್ನು ಆಮೇಲೆ ಈ ಕಣ್ಣಿನಿಂದ ನೋಡಿದೆ. ಬೆಸ್ಕಾಂ ಬಿಲ್ಲು ಗಡುವಿಗೆ ಮುಂಚೆ. ಬ್ಯಾಂಕಿನ ಕಂತು ಅದೇ ದಿನ. ಹೊರದೇಶದ ಬಿಡಿಭಾಗಕ್ಕೆ ಎಲ್‌ಸಿ, ಅಂದರೆ ಮಾಲು ಬರುವ ಮೊದಲೇ ದುಡ್ಡಿನ ಖಾತರಿ. ದೊಡ್ಡ ಉಕ್ಕಿನ ಕಂಪನಿಗೆ ಮುಂಗಡ. ಅವರ ಹತ್ತಿರ "ಸಮಾಧಾನ ಮಾಡ್ಕೊಳ್ಳಿ" ಅಂದರೆ ಲಾರಿ ಹೊರಡುವುದೇ ಇಲ್ಲ. ಪಟ್ಟಿಯ ಕೆಳಕ್ಕೆ ಇಳಿಯುತ್ತ ಇಳಿಯುತ್ತ ದಿನಗಳು ಏರುತ್ತವೆ: ಮೂವತ್ತು, ಅರವತ್ತು, ನೂರು. ಕಟ್ಟಕಡೆಗೆ ಪಿನ್ನು ಮಾಡುವವರು, ಗೇಟಿನ ಸೆಕ್ಯೂರಿಟಿ ಏಜೆನ್ಸಿ, ಕ್ಯಾಂಟೀನಿಗೆ ತರಕಾರಿ ಹಾಕುವವರು. ಯಾರಿಗೆ ಎಷ್ಟು ಹೆದರುತ್ತೇವೆ ಎಂಬುದನ್ನು ಇಷ್ಟು ನಿಖರವಾಗಿ ಬರೆದಿಟ್ಟ ಕಾಗದ ಕಂಪನಿಯಲ್ಲಿ ಇನ್ನೊಂದು ಇರಲಿಲ್ಲ. ಗೋಡೆಗೆ ತೂಗುಹಾಕಿದ್ದ ನಮ್ಮ ಮೌಲ್ಯಗಳು ಎಂಬ ಫಲಕಕ್ಕಿಂತ ಆ ಎಕ್ಸೆಲ್ ಹಾಳೆ ನಿಜ ಹೇಳುತ್ತಿತ್ತು.

ಇದು ನಮ್ಮೂರಿನ ರೋಗವೊಂದೇ ಅಲ್ಲ. 2018ರ ಜನವರಿಯಲ್ಲಿ, ಅಂದರೆ ನಮ್ಮ ಶಾಲೆಯ ಉದ್ಘಾಟನೆಗೆ ಎರಡು ತಿಂಗಳ ಮುಂಚೆ, ಬ್ರಿಟನ್ನಿನ ಕ್ಯಾರಿಲಿಯನ್ ಎಂಬ ದೈತ್ಯ ಕಟ್ಟಡ ಕಂಪನಿ ಮುಳುಗಿತು. ಕೊಡಬೇಕಾದ್ದು ಸುಮಾರು 700 ಕೋಟಿ ಪೌಂಡ್, ಕೈಯಲ್ಲಿದ್ದ ನಗದು 2.9 ಕೋಟಿ. ಹೊತ್ತಿಗೆ ಸರಿಯಾಗಿ ಪಾವತಿ ಮಾಡುತ್ತೇವೆ ಎಂಬ ಅಲ್ಲಿನ ಸಂಹಿತೆಗೆ ಸಹಿ ಹಾಕಿದ್ದ ಕಂಪನಿ ಅದು. ಸಣ್ಣ ಸರಬರಾಜುದಾರರಿಗೆ ಅದು ಹೇಳುತ್ತಿದ್ದ ಗಡುವು 120 ದಿನ. ಮುಳುಗಿದಾಗ ಬಾಕಿ ಬರಬೇಕಾದವರ ಸಂಖ್ಯೆ ಸಾವಿರಗಳಲ್ಲಿತ್ತು.

ತಡವೆಂಬುದು ಒಂದೇ ಕಡೆ ನಿಲ್ಲುವುದಿಲ್ಲ. ನಾನು 2019ರಲ್ಲಿ ಕೆಲಸ ಬಿಟ್ಟು ಪೀಣ್ಯದ ಹತ್ತು ಹನ್ನೆರಡು ಸಣ್ಣ ಘಟಕಗಳ ಲೆಕ್ಕ ಬರೆಯಲು ಶುರುಮಾಡಿದ ಮೇಲೆ ಅದರ ಇನ್ನೊಂದು ತುದಿ ಕಾಣಿಸಿತು. ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಮಗಳು ಸಣ್ಣವಳಿದ್ದಳು, ಬಸ್ಸಿನಲ್ಲೇ ಮೂರು ಗಂಟೆ ಹೋಗುತ್ತಿತ್ತು. ನನ್ನ ಹೊಸ ಗಿರಾಕಿಗಳಲ್ಲಿ ಯಜಮಾನ್ರೂ ಒಬ್ಬರು. ನನ್ನನ್ನೇ ಯಾಕೆ ಹುಡುಕಿ ಬಂದರು ಎಂದು ಕೇಳಿದ್ದಕ್ಕೆ, "ದುಡ್ಡು ಹೆಂಗೆ ನಿಲ್ಲಿಸ್ತಾರೆ ಅಂತ ಗೊತ್ತಿರೋರ್ಗೆ ಹೆಂಗೆ ತರ್ಸೋದು ಅಂತಲೂ ಗೊತ್ತಿರತ್ತಲ್ಲ" ಅಂದರು.

ಅವರ ಪುಸ್ತಕ ತೆರೆದರೆ ಅಲ್ಲೂ ಒಂದು ಪಟ್ಟಿ. ಪ್ಲೇಟಿಂಗ್ ಮಾಡಿಕೊಡುವವರಿಗೆ ಮೂರು ತಿಂಗಳ ಬಾಕಿ. ಹೀಟ್ ಟ್ರೀಟ್‌ಮೆಂಟಿನವರಿಗೆ ಎರಡೂವರೆ. ಟೂಲ್ಸ್ ಅಂಗಡಿಗೆ ಸ್ವಲ್ಪ ಸ್ವಲ್ಪ ಕೊಟ್ಟು ಹೆಸರು ಉಳಿಸಿಕೊಂಡಿದ್ದರು. ಒಡಿಶಾದಿಂದ ಬಂದ ಇಬ್ಬರು ಹುಡುಗರ ಸಂಬಳ ಒಂದೊಂದು ತಿಂಗಳು ಹದಿನೈದಕ್ಕೆ, ಒಂದೊಂದು ತಿಂಗಳು ಇಪ್ಪತ್ತಕ್ಕೆ. ಆ ಹುಡುಗರು ಊರಿಗೆ ಕಳಿಸಬೇಕಾದ ದುಡ್ಡು ಆ ಶೆಡ್ಡಿನಿಂದ ಹೊರಡುವುದು ತುಮಕೂರು ರಸ್ತೆಯ ಒಂದು ಗಾಜಿನ ಕಟ್ಟಡದಲ್ಲಿ ಯಾರೋ ಮೆತ್ತಗಿನ ದನಿಯವಳು ಪಿಓ ನಂಬರ್ ತಪ್ಪಿದೆ ಅನ್ನದೆ ಇದ್ದರೆ. ಇಷ್ಟು ಸರಳವಾದದ್ದನ್ನು ಏಳು ವರ್ಷ ಕಾಣದೆ ಹೇಗೆ ಕೂತಿದ್ದೆ ಎಂದು ಆಗಾಗ ಅನ್ನಿಸುತ್ತದೆ. ಅವರ ಹುಡುಗರ ಪಟ್ಟಿ ನನ್ನ ಎಕ್ಸೆಲ್ಲಿನಲ್ಲಿ ಇರಲಿಲ್ಲ, ಅದೊಂದೇ ಸಮಜಾಯಿಷಿ.

ಈಚೆಗೆ ಸ್ವಲ್ಪ ಗಾಳಿ ಬದಲಾಗಿದೆ, ಅದನ್ನೂ ಹೇಳಬೇಕು. 2021ರಿಂದ ಕಂಪನಿಗಳು ತಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಸರಬರಾಜುದಾರರ ಬಾಕಿ ಎಷ್ಟು ಹಳೆಯದು ಎಂದು ಬಿಡಿಸಿ ತೋರಿಸಬೇಕು, ಎಂಎಸ್‌ಎಂಇಗಳದ್ದು ಬೇರೆಯಾಗಿ. ಲಿಸ್ಟಾದ ದೊಡ್ಡ ಕಂಪನಿಗಳು ಪಾವತಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ತಮ್ಮ ಹೊಣೆಗಾರಿಕೆ ವರದಿಯಲ್ಲೇ ಹೇಳಬೇಕು ಎಂದು ಷೇರುಪೇಟೆ ನಿಯಂತ್ರಕ ಸೆಬಿ 2023ರಲ್ಲಿ ಸೇರಿಸಿತು. ನಾನಂತೂ ಯಾವುದೇ ವಾರ್ಷಿಕ ವರದಿ ಕೈಗೆ ಸಿಕ್ಕರೆ ಹಿಂದಿನಿಂದ ಓದುತ್ತೇನೆ. ಮುಂದಿನ ನುಣುಪು ಹಾಳೆಗಳಲ್ಲಿ ಮಕ್ಕಳು ನಗುತ್ತಿರುತ್ತಾರೆ, ಗಿಡ ನೆಡುತ್ತಿರುತ್ತಾರೆ. ಹಿಂದೆ ಸಣ್ಣಕ್ಷರದ ಟಿಪ್ಪಣಿಯಲ್ಲಿ ಟ್ರೇಡ್ ಪೇಯಬಲ್ಸ್, ಅಂದರೆ ಸರಬರಾಜುದಾರರಿಗೆ ಕೊಡಬೇಕಾದ ಬಾಕಿ, ಇರುತ್ತದೆ. ಷೇರು ಇದ್ದವರು ಒಮ್ಮೆ ನೋಡಿ. ಆದರೆ ಸರಾಸರಿ ಎಂಬ ಅಂಕಿಯನ್ನು ಪೂರ್ತಿ ನಂಬಬೇಡಿ: ಉಕ್ಕಿನವರಿಗೆ ಮುಂಗಡ, ಪಿನ್ನಿನವರಿಗೆ 120 ದಿನ, ಎರಡನ್ನೂ ಕಲಸಿದರೆ ಮರ್ಯಾದಸ್ಥ ಅಂಕಿಯೊಂದು ಹೊರಬರುತ್ತದೆ. ನಾನೇ ಎಷ್ಟು ಸಲ ಕಲಸಿಲ್ಲ.

ನಿಜವಾಗಿ ಬಿಸಿ ಮುಟ್ಟಿಸಿದ್ದು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಎಂಬ ಸೆಕ್ಷನ್. 2023ರ ಬಜೆಟ್ಟಿನಲ್ಲಿ ಬಂತು, 2024ರ ಏಪ್ರಿಲ್‌ನಿಂದ ಜಾರಿ, ಅಂದರೆ 2023-24ರ ಲೆಕ್ಕಕ್ಕೇ ಅನ್ವಯ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಕೊಡುವ ವರ್ಷದವರೆಗೂ ಅದನ್ನು ಖರ್ಚೆಂದು ತೋರಿಸುವ ಹಾಗಿಲ್ಲ. ನೇರವಾಗಿ ತೆರಿಗೆಗೇ ಕೈ ಹಾಕಿದ್ದರಿಂದ 2024ರ ಮಾರ್ಚ್ ಕೊನೆಯ ವಾರ ಪೀಣ್ಯದಲ್ಲಿ ದೀಪಾವಳಿಯೇ ಆಯಿತು. ವರ್ಷಗಟ್ಟಲೆ ಫೋನ್ ಎತ್ತದಿದ್ದವರು ತಾವಾಗಿ ಫೋನ್ ಮಾಡಿ, "ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ" ಎಂದು ಕೇಳಿದರು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ನೋಂದಾಯಿಸಿಕೊಂಡದ್ದಕ್ಕೆ ಸಿಗುವ ಪತ್ರ ಅದು. ಬೇರೆ ಥರದವರೂ ಇದ್ದರು. "ಉದ್ಯಮ್ ಕ್ಯಾನ್ಸಲ್ ಮಾಡಿಸ್ಕೊಂಡ್ಬಿಡಿ, ಆರ್ಡರ್ ಜಾಸ್ತಿ ಕೊಡ್ತೀವಿ" ಅಂದವರ ಫೋನೂ ನನ್ನ ಒಬ್ಬ ಗಿರಾಕಿಗೆ ಬಂದಿತ್ತು. ಇನ್ನು ವರ್ಷದ ನಡುವೆ? 45 ದಿನ ದಾಟಿದರೂ ಮಾರ್ಚ್ 31ರೊಳಗೆ ಕೊಟ್ಟುಬಿಟ್ಟರೆ ಆ ವರ್ಷದ ಖರ್ಚಿಗೇ ಸೇರುತ್ತದೆ. ಹಾಗಾಗಿ ಜೂನಿನ ಬಿಲ್ಲಿಗೆ ಮಾರ್ಚಿನ ಭಯವಿಲ್ಲ. ಮಾರ್ಚಿನಲ್ಲಿ ದಾನಶೂರರಾದವರು ಮೇ ಬರುವಷ್ಟರಲ್ಲಿ ಹಳೇ ಚಾಳಿಗೆ ಮರಳಿದ್ದರು.

ಯಜಮಾನ್ರದ್ದೂ ಹಾಗೇ ಆಯಿತು. ನನ್ನ ಹಳೆಯ ಕಂಪನಿಯಿಂದ ಮಾರ್ಚಿನಲ್ಲಿ ಹಿಂದಿನದೆಲ್ಲ ಬಂತು. ಏಪ್ರಿಲ್ ಬಿಲ್ಲು ಆಗಸ್ಟ್ ಆದರೂ ಬರಲಿಲ್ಲ. ಈ ಸಲ ನಾನೇ ಹಟ ಹಿಡಿದೆ.

ತಡವಾದ ಪಾವತಿಯ ದೂರು ಕೊಡಲು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ಒಂದು ಪೋರ್ಟಲ್ ತೆರೆದಿತ್ತು. ಅಲ್ಲಿ ಹಾಕಿದ ಅರ್ಜಿ ಇಂಥ ತಕರಾರು ಇತ್ಯರ್ಥ ಮಾಡುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ಲಿಗೆ ಹೋಗುತ್ತಿತ್ತು. ಕೌನ್ಸಿಲ್ ತೀರ್ಪು ಕೊಟ್ಟರೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಖರೀದಿದಾರ ಮೊದಲು 75 ಪರ್ಸೆಂಟ್ ದುಡ್ಡು ಠೇವಣಿ ಇಡಬೇಕು. ಆ ಪೋರ್ಟಲ್ಲಿನ ಹೆಸರು ಸಮಾಧಾನ್. ಹಿಂದಿಯಲ್ಲಿ ಅದಕ್ಕೆ ಪರಿಹಾರ ಎಂದರ್ಥ, ಗೊತ್ತು. ಆದರೆ ಕನ್ನಡದವರಿಗೆ ಆ ಹೆಸರು ಓದಿದರೆ ಬೇರೆಯೇ ಕೇಳಿಸುತ್ತದೆ. ನನಗಂತೂ ನನ್ನದೇ ದನಿ ಕೇಳಿಸಿತು.

ಒಂದು ಶನಿವಾರ ಸಂಜೆ ಅವರ ಶೆಡ್ಡಿನಲ್ಲಿ ಕೂತು ಅರ್ಜಿ ತುಂಬಿದೆ. ಡಿಸಿಗಳ ಮೇಲೆ ಗೇಟಿನ ಮೊಹರಿನ ತಾರೀಖು ಸ್ಪಷ್ಟವಾಗಿತ್ತು. ಎಲ್ಲಿ ಎಳೆಯುತ್ತಾರೆ, ಏನು ನೆಪ ಹೇಳುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ; ಒಂದೊಂದಕ್ಕೂ ಕಾಗದ ಜೋಡಿಸಿದೆ. ಬಡ್ಡಿ ಲೆಕ್ಕ ಹಾಕಿದೆ. ಕೂಲಂಟಿನ ವಾಸನೆ, ಹೊರಗೆ ಮಳೆ, ಒಂದು ಮಷೀನು ನಿಂತಿತ್ತು, ಇನ್ನೊಂದು ಓಡುತ್ತಿತ್ತು. ಯಜಮಾನ್ರು ಪಕ್ಕದಲ್ಲಿ ನಿಂತು ಟೀ ಕುಡಿಯುತ್ತಿದ್ದರು. ಕೊನೆಯ ಪುಟಕ್ಕೆ ಬಂದು, "ಕಳಿಸ್ಲಾ?" ಅಂದೆ.

ಅವರು ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಅರ್ಧ ಗಂಟೆ ಹಿಂದೆ ಬಂದ ಮೇಲ್. ಸೆಪ್ಟೆಂಬರ್ ಶೆಡ್ಯೂಲ್. ಅದೇ ಪಿನ್ನು, ಎರಡರಷ್ಟು ಸಂಖ್ಯೆ, ಮೊದಲ ಲಾಟ್ ಗುರುವಾರಕ್ಕೆ ಬೇಕು.

"ಇರ್ಲಿ ಬಿಡಿ" ಅಂದರು. ನಾನು ಏನೋ ಹೇಳಲು ಬಾಯಿ ತೆರೆದೆ. ಆಗಲೇ ಅವರು ನಿಂತ ಮಷೀನಿನ ಕಡೆ ತಿರುಗಿದ್ದರು. ಸ್ವಿಚ್ಚು ಒತ್ತಿ, ಆ ಸದ್ದಿನ ಮೇಲೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದರು.

"ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ ಮೇಡಂ."